ದಾಖಲೆ ಯಾರ ವಶದಲ್ಲಿದೆ?

ಹಳೆಯ ಮೈಸೂರು ಸೀಮೆಯ ಶಾನುಭೋಗರು ಊರಿನ ಲೆಕ್ಕ ಬರೆಯುತ್ತಿದ್ದುದು ಬಟ್ಟೆಯ ಕಡತದ ಮೇಲೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಉದ್ದನೆಯ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಆ ಕಪ್ಪು ಮೈಮೇಲೆ ಬಳಪದಲ್ಲಿ ಬರೆಯುವುದು. ಬೇಕಾದರೆ ಒರೆಸಿ ಮತ್ತೆ ಬರೆಯುವುದು. ಯಾವ ಹೊಲ ಯಾರದು, ಯಾರು ಎಷ್ಟು ಕಂದಾಯ ಕಟ್ಟಿದರು, ಯಾರ ಬಾಕಿ ಎಷ್ಟು, ಎಲ್ಲವೂ ಆ ಮಡಿಕೆಗಳೊಳಗೆ. ಕಡತವಿದ್ದದ್ದು ಶಾನುಭೋಗರ ಮನೆಯೊಳಗೆ. 1687ರಲ್ಲಿ ಮೊಘಲ್ ಸುಬಾದ ಕೇಂದ್ರವಾದ ಇದೇ ಸೀಮೆಯ ಶಿರಾ 1761ರ ಹೊತ್ತಿಗೆ ಹೈದರಾಲಿಯ ಕೈ ಸೇರಿತು, ಮುಂದೆ ಮೈಸೂರು ಅರಸರದಾಯಿತು. ಆಳುವವರು ಬದಲಾದರೂ ಊರಲೆಕ್ಕ ತಲೆತಲಾಂತರದಿಂದ ಅವೇ ಮನೆಗಳಲ್ಲಿ ಉಳಿಯಿತು. ಶಾನುಭೋಗರೆಲ್ಲ ಮೋಸಗಾರರೆಂದರೆ ಅನ್ಯಾಯವಾದೀತು. ಊರಿನ ನೆನಪನ್ನು ಕಾಪಾಡಿದವರೂ ಅವರೇ. ಆದರೆ ತನ್ನ ಹೊಲದ ಲೆಕ್ಕ ನೋಡಬೇಕೆಂದ ರೈತ ಅವರ ಜಗಲಿಯಲ್ಲಿ ಕಾಯಬೇಕಿತ್ತು. ಮಾಹಿತಿ ಹಕ್ಕಿನ ಅರ್ಜಿಗಳು ಇಂದು ತಡವಾಗುವುದರ ಬೇರು ಈ ಏರ್ಪಾಟಿನಲ್ಲೇ ಇದೆಯೆಂಬುದು ನನ್ನ ವಾದ. ದಾಖಲೆ ಇಟ್ಟುಕೊಂಡವರೇ ಅದನ್ನು ಯಾವತ್ತು ತೋರಿಸಬೇಕೆಂದು ತೀರ್ಮಾನಿಸುವವರೆಗೆ ಕಾನೂನಿನ ಗಡುವಿಗೆ ಬಲ ಬರುವುದಿಲ್ಲ.

ಸರ್ಕಾರವನ್ನು ಕೇಳುವ ಅವಕಾಶ ಈ ಸೀಮೆಗೆ ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ತಾಲ್ಲೂಕುಗಳಿಂದ ರೈತರು ಹೋಗುತ್ತಿದ್ದರು. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸಭೆ ಸೇರುವುದು, ದಿವಾನರು ವರ್ಷದ ವರದಿ ಓದುವುದು, ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳುವುದು: ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ 1923ರವರೆಗೆ ಆ ಸಭೆಗೆ ಕಾಯ್ದೆಯ ಬೆಂಬಲವಿರಲಿಲ್ಲ; ಉತ್ತರ ಸಿಕ್ಕರೆ ಅದು ಸರ್ಕಾರದ ಸೌಜನ್ಯ. ಇತ್ತ ಶಾನುಭೋಗರ ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಗಿ, 1963ರಿಂದ ಸಂಬಳದ ಗ್ರಾಮಲೆಕ್ಕಿಗರು ಬಂದರು. ದಾಖಲೆ ಮನೆಯಿಂದ ಹೊರಟು ಗ್ರಾಮಲೆಕ್ಕಿಗರ ಚೀಲ ಸೇರಿತು. ಪಹಣಿ ಬೇಕಾದ ರೈತ ಜಗಲಿಯ ಬದಲು ಅವರು ಊರಿಗೆ ಬರುವ ದಿನವನ್ನು ಕಾಯತೊಡಗಿದ.

ಈ ಕಾಯುವಿಕೆ ಒಮ್ಮೆ ನಿಜಕ್ಕೂ ಮುರಿದದ್ದು ಭೂಮಿ ಯೋಜನೆಯಲ್ಲಿ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಯಾರಿಗಾದರೂ ಪ್ರತಿ ಸಿಗತೊಡಗಿತು. ಅದಕ್ಕಿಂತ ಮುಖ್ಯವಾದದ್ದು ಮ್ಯುಟೇಶನ್ನಿನ ಸರದಿ. ಮೊದಲು ಬಂದ ಅರ್ಜಿ ಮೊದಲು ಇತ್ಯರ್ಥವಾಗಬೇಕು, ನಡುವಿನದೊಂದನ್ನು ಹಾರಿಸಿ ಮುಂದಿನದನ್ನು ಎತ್ತಿಕೊಳ್ಳಲು ತಂತ್ರಾಂಶವೇ ಬಿಡದು. ಅಧಿಕಾರಿ ಬೆರಳಚ್ಚು ಕೊಟ್ಟು ಒಳಹೋಗಬೇಕು, ಮಾಡಿದ್ದಕ್ಕೆ ಗುರುತು ಉಳಿಯುತ್ತದೆ. ಇಲ್ಲಿ ಯಾರ ಸ್ವಭಾವವನ್ನೂ ತಿದ್ದಲಿಲ್ಲ. ತಡಮಾಡುವ ಅಧಿಕಾರವನ್ನು ಒಬ್ಬರ ಕೈಯಿಂದ ತೆಗೆದರು, ಅಷ್ಟೆ. ಭೂಮಿಯಿಂದ ಓದುಬರಹ ಬಲ್ಲವರಿಗೂ ಜಮೀನು ದಲ್ಲಾಳಿಗಳಿಗೂ ಹೆಚ್ಚು ಲಾಭವಾಯಿತೆಂಬ ಟೀಕೆಯಿದೆ, ಅದರಲ್ಲಿ ಹುರುಳೂ ಇದೆ. ಆದರೂ ಪಹಣಿಯೊಂದಕ್ಕೆ ದಿನಗಟ್ಟಲೆ ಅಲೆಯುವುದು ತಪ್ಪಿದ್ದು ಬಡವನಿಗೂ ತಪ್ಪಿತು.

ಅದೇ ವರ್ಷಗಳಲ್ಲಿ ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನೂ ಮಾಡಿತ್ತು. 2000ದ ಆ ಕಾಯ್ದೆಯಲ್ಲಿ ಉತ್ತರಕ್ಕೆ 15 ಕೆಲಸದ ದಿನಗಳ ಗಡುವು. 2005ರ ಕೇಂದ್ರ ಕಾಯ್ದೆಯಲ್ಲಿ 30 ದಿನ. ತಪ್ಪಿದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ. ಓದಲು ಬಿಗಿಯಾಗಿಯೇ ಇದೆ. ಆದರೆ ಪಾವಗಡದ ರೈತನೊಬ್ಬ ತಾಲ್ಲೂಕು ಕಚೇರಿಗೆ ಹಾಕಿದ ಅರ್ಜಿಯ ದಾರಿ ನೋಡಿ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಾಮಾನ್ಯವಾಗಿ ಮಧುಗಿರಿಯ ಉಪವಿಭಾಗಾಧಿಕಾರಿಗೆ. ಅಲ್ಲಿ 30 ದಿನ, ಹೆಚ್ಚೆಂದರೆ 45. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗಕ್ಕೆ. ಆಯೋಗದ ಹಂತಕ್ಕೆ ಮಾತ್ರ ಕಾಯ್ದೆ ಯಾವ ಗಡುವನ್ನೂ ಹಾಕಿಲ್ಲ, ದಂಡ ಹಾಕುವ ಅಧಿಕಾರವಿರುವುದು ಅಲ್ಲಿಯೇ. ಆಯುಕ್ತರ ಹುದ್ದೆ ಖಾಲಿ ಬೀಳುವ ಮೊದಲೇ ನೇಮಕಾತಿ ಆರಂಭಿಸಿ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಬೇಕಾಗಿ ಬಂತು.

ಕಚೇರಿಯವರ ಮಾತನ್ನೂ ಕೇಳಬೇಕು. ಸಿಬ್ಬಂದಿ ಸಾಲದು, ಕೆಲವರಿಗೆ ಅರ್ಜಿ ಹಾಕುವುದೇ ಕಸುಬು, ಅದನ್ನು ಹಿಡಿದು ಹೆದರಿಸುವವರೂ ಇದ್ದಾರೆ, ರೆಕಾರ್ಡ್ ರೂಮಿನ ಹಳೆಯ ಕಟ್ಟು ಬಿಚ್ಚಿದರೆ ಕಾಗದ ಪುಡಿಯಾಗುತ್ತದೆ. ಸಿಬ್ಬಂದಿಯ ಕೊರತೆ ನಿಜ. ಆದರೆ ಹೆದರಿಸುವವನ ಬಲ ಇರುವುದು ಮುಚ್ಚಿಟ್ಟ ಕಾಗದದಲ್ಲಿ. ಎಲ್ಲರಿಗೂ ಕಾಣುವ ದಾಖಲೆ ತೋರಿಸಿ ಯಾರನ್ನು ಹೆದರಿಸಲಾದೀತು? ಅವನನ್ನು ತಡೆಯಲೆಂದು ಅರ್ಜಿಗೆ 150 ಪದ, ಒಂದೇ ವಿಷಯ ಎಂಬ ನಿಯಮ ತಂದರೆ ಪೆಟ್ಟು ಬೀಳುವುದು ಪದ ಎಣಿಸಿ ಬರೆಯಲು ಬಾರದ ರೈತನಿಗೆ. ಇನ್ನು ಹಳೆಯ ಕಾಗದ ಪುಡಿಯಾಗುತ್ತಿದ್ದರೆ ಅದನ್ನು ಬೇಗ ಸ್ಕ್ಯಾನ್ ಮಾಡಲು ಅದೇ ಕಾರಣ. "ಕಡತ ಲಭ್ಯವಿಲ್ಲ" ಎಂಬ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳಲು ಅದು ನೆಪವಾಗಬಾರದು.

ತಡವಾದರೆ ಏನು ನಷ್ಟವೆಂಬುದಕ್ಕೆ ಪಾವಗಡದ ಸೋಲಾರ್ ಪಾರ್ಕ್ ಸಾಕ್ಷಿ. ತಿರುಮಣಿ, ವಳ್ಳೂರು ಸೇರಿ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿದ 2,050 ಮೆಗಾವಾಟ್ ಪಾರ್ಕಿಗೆ ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ. ಬರದ ನಾಡಿನಲ್ಲಿ ಅದು ಸಣ್ಣ ದುಡ್ಡಲ್ಲ. ಇಂಥ ಗುತ್ತಿಗೆಯಲ್ಲಿ ಹಣ ದಾಖಲೆಯ ಹಿಂದೆ ಹೋಗುತ್ತದೆ. ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ ಆಗಬೇಕು, ಜಂಟಿ ಹೆಸರಿದ್ದರೆ ಪೋಡಿ ಆಗಬೇಕು, ಬಗರ್ ಹುಕುಂ ಸಾಗುವಳಿಯಾದರೆ ಅರ್ಜಿ ಎಲ್ಲಿ ನಿಂತಿದೆಯೆಂದು ತಿಳಿಯಬೇಕು. ಅಂಥವನಿಗೆ ಒಂದು ವರ್ಷ ಕಳೆದು ಬರುವ ಉತ್ತರ ಒಂದು ವರ್ಷದ ಆದಾಯವನ್ನು ನುಂಗಿಯೇ ಬರುತ್ತದೆ. ಈ ಅರ್ಜಿಗಳ ಸರದಿ ಪಟ್ಟಿಯನ್ನು, ಯಾವುದು ಯಾರ ಮೇಜಿನಲ್ಲಿ ಎಂದಿನಿಂದ ಇದೆಯೆಂಬುದರ ಸಮೇತ, ತಾಲ್ಲೂಕುಗಳ ನಾಡಕಚೇರಿ ಗೋಡೆಗೆ ಅಂಟಿಸಲು ಹೊಸ ಕಾನೂನೇನೂ ಬೇಕಿಲ್ಲ. ಕೇಳುವ ಮೊದಲೇ ಪ್ರಕಟಿಸಬೇಕೆಂದು 2005ರ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅದರ ಮೊದಲ ಪ್ರಕಟಣೆಗೆ ಕಚೇರಿಗಳಿಗೆ ಕೊಟ್ಟಿದ್ದ 120 ದಿನಗಳ ಗಡುವು 2005ರ ಅಕ್ಟೋಬರಿನಲ್ಲೇ ಮುಗಿದಿದೆ.