ಪಾನವ್ಯಸನಿಗಳ ಸತ್ಸಂಗ: ಅದರ ಉಗಮವೂ ನಡಾವಳಿಯೂ

ಇಳಕಲ್ಲಿನ ಶ್ರೀ ವಿಜಯಮಹಾಂತೇಶ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳವರು 1975ರಲ್ಲಿ ಜೋಳಿಗೆಯನ್ನು ಹಿಡಿದು ಓಣಿ ಓಣಿಗೆ ಬಿಜಯಂಗೈದು, ಹಣವನ್ನಾಗಲಿ ಕಾಳನ್ನಾಗಲಿ ಬೇಡದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ವೃತ್ತಾಂತವು ಸದ್ಭಕ್ತರಿಗೆ ವಿದಿತವೇ ಇದೆ. 2018ರಲ್ಲಿ ಶ್ರೀಗಳವರು ಲಿಂಗೈಕ್ಯರಾದರೂ ಆ ಜೋಳಿಗೆಯು ಬರಿದಾಗಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಜೋಳಿಗೆಗೆ ಚಟವನ್ನು ಹಾಕಿದವನು ಧನ್ಯನೇ ಸರಿ. ಆದರೆ ವ್ರತವನ್ನು ಹಿಡಿಯುವುದಕ್ಕೆ ಒಂದು ಕ್ಷಣ ಸಾಕು. ಕಾಯುವುದಕ್ಕೆ ಆಯುಷ್ಯವೆಲ್ಲ ಬೇಕು. ಮರುದಿನದ ಸಂಜೆ ಹಳೆಯ ಗೆಳೆಯರು ಬಂದು ಕರೆದಾಗ ಅವನ ಮಗ್ಗುಲಲ್ಲಿ ಯಾರಿರಬೇಕು? ಈ ಪ್ರಶ್ನೆಗೆ ಅಮೇರಿಕಾ ದೇಶದ ಕುಡುಕರೇ ಎರಡು ಸಾರೆ ಉತ್ತರವನ್ನು ಕಂಡುಕೊಂಡರು. ಮೊದಲನೆಯ ಸಾರೆ ಅದನ್ನು ಕಳೆದುಕೊಂಡರು. ಎರಡನೆಯ ಸಾರೆ ಉಳಿಸಿಕೊಂಡರು.

1840ನೆಯ ಇಸವಿಯ ಏಪ್ರಿಲ್ 2ರಂದು ಬಾಲ್ಟಿಮೋರ್ ಪಟ್ಟಣದ ಮದ್ಯದಂಗಡಿಯೊಂದರಲ್ಲಿ ಕುಡಿಯುತ್ತ ಕುಳಿತಿದ್ದ ಆರು ಜನರು ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆಮಾಡಿ, ತಮ್ಮ ದೇಶದ ಮೊದಲನೆಯ ಅಧ್ಯಕ್ಷನಾದ ವಾಷಿಂಗ್ಟನ್ನನ ಹೆಸರಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದರು. ಅಲ್ಲಿ ಉಪದೇಶಕರಿರಲಿಲ್ಲ. ಕುಡಿದು ಕೆಟ್ಟವನು ಎದ್ದುನಿಂತು ತನ್ನ ಕಥೆಯನ್ನು ತಾನೇ ಹೇಳುವನು. ಕೇಳಿದವರು ಕಣ್ಣೀರಿಟ್ಟು ಪ್ರತಿಜ್ಞೆಯನ್ನು ಸ್ವೀಕರಿಸುವರು. ಈ ಸಂಘವು ಕಾಳ್ಗಿಚ್ಚಿನಂತೆ ಊರೂರಿಗೆ ಹಬ್ಬಿತು. ಆದರೆ ಹತ್ತು ವರ್ಷಗಳು ತುಂಬುವ ಮೊದಲೇ ಅದರ ತೇಜಸ್ಸು ಕುಂದಿತು. ಮದ್ಯನಿಷೇಧದ ಶಾಸನ ಮುಂತಾದ ವಾದಗಳು ಒಳಹೊಕ್ಕವು. ವೇದಿಕೆಯ ಮೇಲಿನ ವಾಗ್ವೈಭವವು ಬೆಳೆಯಿತು. ಒಬ್ಬ ವ್ಯಸನಿಯ ಪಕ್ಕದಲ್ಲಿ ಇನ್ನೊಬ್ಬ ವ್ಯಸನಿಯು ಸುಮ್ಮನೆ ಕುಳಿತಿರುವ ಮೊದಲಿನ ಕ್ರಮವು ಮರೆಯಾಯಿತು. ಪ್ರತಿಜ್ಞೆಯು ಉಳಿಯಿತು, ಸಂಗವು ಅಳಿಯಿತು. ಸಂಗವು ಅಳಿಯಲು ಪ್ರತಿಜ್ಞೆಯೂ ನಿಲ್ಲಲಿಲ್ಲ.

ತೊಂಬತ್ತೈದು ವರ್ಷಗಳ ತರುವಾಯ, 1935ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಶೇರುವ್ಯಾಪಾರಿಯಾದ ವಿಲಿಯಂ ವಿಲ್ಸನ್ ಎಂಬವನು ವ್ಯವಹಾರನಿಮಿತ್ತವಾಗಿ ಓಹಾಯೋ ಸಂಸ್ಥಾನದ ಅಕ್ರಾನ್ ಪಟ್ಟಣಕ್ಕೆ ಬಂದಿದ್ದನು. ಅವನು ಕುಡಿತವನ್ನು ಬಿಟ್ಟು ಆರು ತಿಂಗಳೂ ತುಂಬಿರಲಿಲ್ಲ. ಅಷ್ಟರೊಳಗೆ ಅನೇಕ ಕುಡುಕರಿಗೆ ಬೋಧಿಸಿದ್ದನು. ಅವರಲ್ಲಿ ಒಬ್ಬನೂ ಬಿಟ್ಟಿರಲಿಲ್ಲ, ಆದರೆ ಬೋಧಿಸಿದವನು ಮಾತ್ರ ಉಳಿದಿದ್ದನು. ಅಕ್ರಾನಿನಲ್ಲಿ ವ್ಯವಹಾರವು ಕೆಟ್ಟು, ತಂಗಿದ್ದ ಹೋಟೆಲಿನಲ್ಲಿ ಏಕಾಕಿಯಾಗಿ ನಿಂತಾಗ, ಪಾನಗೃಹದ ಕಡೆಗೆ ಮನವು ಸೆಳೆಯಿತು. ಅವನು ಆ ಕಡೆಗೆ ಹೋಗದೆ ದೂರವಾಣಿಯಲ್ಲಿ ಪಾದ್ರಿಯೊಬ್ಬರನ್ನು ಸಂಪರ್ಕಿಸಿ, ತನ್ನಂತಹ ಇನ್ನೊಬ್ಬ ಕುಡುಕನನ್ನು ತೋರಿಸಿರೆಂದು ಪ್ರಾರ್ಥಿಸಿದನು. ಹೀಗೆ ದೊರೆತವನೇ ಶಸ್ತ್ರವೈದ್ಯನಾದ ಡಾಕ್ಟರ್ ರಾಬರ್ಟ್ ಸ್ಮಿತ್. ಹದಿನೈದು ನಿಮಿಷಗಳಲ್ಲಿ ಏಳುವೆನೆಂದು ಬಂದ ವೈದ್ಯನು ತಾಸುಗಟ್ಟಲೆ ಕುಳಿತನು. ಏಕೆಂದರೆ ಎದುರಿಗಿದ್ದವನು ಅವನನ್ನು ತಿದ್ದಲಿಲ್ಲ, ತನ್ನ ಕಥೆಯನ್ನು ಹೇಳಿದನು. ಮುಂದೆ ಒಮ್ಮೆ ಎಡವಿದರೂ ಜೂನ್ 10ರಂದು ವೈದ್ಯನು ಕಡೆಯ ಸಾರೆ ಕುಡಿದನು. ಆ ದಿನವನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಅನಾಮಧೇಯ ವ್ಯಸನಿಗಳ ಸಂಘದ ಜನ್ಮದಿನವೆಂದು ಎಣಿಸುತ್ತಾರೆ.

ಈ ಸಂಘದ ಹನ್ನೆರಡು ಸೋಪಾನಗಳು 1939ರ ಗ್ರಂಥದಲ್ಲಿ ಪ್ರಕಟವಾದವು. 1950ರಲ್ಲಿ ಹನ್ನೆರಡು ಸಂಪ್ರದಾಯಗಳು ಅಂಗೀಕೃತವಾದವು. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕೆ ಅರ್ಹತೆ, ಶುಲ್ಕವಿಲ್ಲ, ಹೊರಗಿನವರ ದಾನವಿಲ್ಲ, ಹೊರಗಿನ ವಾದಗಳಲ್ಲಿ ಸಂಘವು ಪಕ್ಷ ವಹಿಸಕೂಡದು, ಸದಸ್ಯರ ಹೆಸರು ಪತ್ರಿಕೆಗಳಲ್ಲಿ ಬರಕೂಡದು. ಬಾಲ್ಟಿಮೋರಿನ ಸಂಘವು ಎಲ್ಲಿ ಮುರಿಯಿತೋ ಅಲ್ಲಿಯೇ ಈ ಕಟ್ಟುಗಳು ಬಿಗಿದಿವೆ.

1957ರಲ್ಲಿ ಈ ಸಂಘವು ಭಾರತದಲ್ಲಿ ಬೇರೂರಿತು. ಈಗ ಕರ್ನಾಟಕದ ನಗರಗಳಲ್ಲಿಯೂ ಇದರ ಕೂಟಗಳು ನಡೆಯುತ್ತವೆ. ಶಾಲೆಯ ಕೋಣೆ, ಇಗರ್ಜಿಯ ಪಡಸಾಲೆ, ಆಸ್ಪತ್ರೆಯ ಮೂಲೆ, ಯಾವುದಾದರೂ ಸ್ಥಳವಾದೀತು. ವ್ಯಸನಮುಕ್ತಿಯ ಕೇಂದ್ರಗಳಲ್ಲಿಯೂ, ಸರಕಾರದ 14446 ಎಂಬ ಸಹಾಯವಾಣಿಯಲ್ಲಿಯೂ ವಿಚಾರಿಸಿದರೆ ಹತ್ತಿರದ ಆಸರೆಯು ತಿಳಿದೀತು. ಮೊದಲನೆಯ ದಿನ ಹೋದವನು ಬಾಯಿ ತೆರೆಯಲೇಬೇಕೆಂಬ ನಿಯಮವಿಲ್ಲ. ಕೇಳಿ ಬಂದರೂ ಸಾಕು. ಮನೆಯವರಿಗೂ ಪ್ರತ್ಯೇಕವಾದ ಕೂಟಗಳುಂಟು. ಆದರೆ ಬಹುಕಾಲ ನಿತ್ಯವೂ ಕುಡಿದವನು ವೈದ್ಯನ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸತಕ್ಕದ್ದಲ್ಲ. ನಡುಕ, ಅಪಸ್ಮಾರ, ಚಿತ್ತಭ್ರಮೆಗಳು ಬಂದು ಪ್ರಾಣಕ್ಕೇ ಅಪಾಯವಾದೀತು. ಸತ್ಸಂಗವು ಔಷಧಕ್ಕೆ ವಿರೋಧಿಯಲ್ಲ.

ಈ ಮಾರ್ಗವು ಪರದೇಶದ್ದೆಂದು ಶರಣಧರ್ಮದವರು ದೂರವಿಡಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿಗೂ ಸ್ಥಾನವಿತ್ತು. ಅವನ ವಚನಗಳು ಇಂದಿಗೂ ಉಳಿದಿವೆ. ಬಂದವನನ್ನು ಯಾರೆಂದು ಕೇಳದೆ ನಮ್ಮವನೆನ್ನುವುದೇ ಆ ಗಣದ ಲಕ್ಷಣವಾಗಿತ್ತು. ಮಠದ ಜೋಳಿಗೆಯು ವ್ಯಸನವನ್ನು ಸ್ವೀಕರಿಸಲಿ. ಅದರೊಡನೆ ಮಠದ ಒಂದು ಕೋಣೆಯು ವಾರಕ್ಕೊಂದು ಸಂಜೆ ಇಂತಹವರಿಗೆ ತೆರೆದಿರಲಿ. ಅಲ್ಲಿ ಪ್ರವಚನವು ಬೇಡ, ಹೆಸರಿನ ಪಟ್ಟಿಯು ಬೇಡ, ಎಡವಿ ಬಂದವನಿಗೆ ನಿಂದೆಯೂ ಬೇಡ. ಒಂದು ದೀಪ, ಒಂದು ಚಾಪೆ, ಬಿಟ್ಟವನೊಬ್ಬ, ಬಿಡಬಯಸುವವನೊಬ್ಬ ಇಷ್ಟಿದ್ದರೆ ಸಾಕು. ಅದೂ ದಾಸೋಹವೇ.

ಸರ್ವರಿಗೂ ಸನ್ಮಂಗಲವಾಗಲಿ.