ತವರದ ಹತ್ತು ಐಸೋಟೋಪುಗಳು: ಕವಚ ಮಾದರಿಯ ಹಿಂದುಮುಂದು

ಪಾತ್ರೆಗೆ ಕಲಾಯಿ ಹಾಕಲು ಬಳಸುವ ತವರಕ್ಕೆ ಹತ್ತು ಸ್ಥಿರ ಐಸೋಟೋಪುಗಳಿವೆ. ಬೇರೆ ಯಾವ ಧಾತುವಿಗೂ ಇಷ್ಟಿಲ್ಲ. ಪಕ್ಕದ ಆಂಟಿಮನಿಗೆ ಇರುವುದು ಎರಡೇ ಎಂದು ಹೋಲಿಸಿ ಬೆರಗಾಗುವುದು ಸುಲಭ. ಆದರೆ ಪ್ರೋಟಾನುಗಳ ಸಂಖ್ಯೆ ಬೆಸವಾಗಿರುವ ಧಾತುಗಳಿಗೆ ಸ್ಥಿರ ಐಸೋಟೋಪುಗಳು ಯಾವಾಗಲೂ ಕಡಿಮೆಯೇ. 50 ಪ್ರೋಟಾನುಗಳ ತವರವನ್ನು 48ರ ಕ್ಯಾಡ್ಮಿಯಂ ಮತ್ತು 52ರ ಟೆಲ್ಯೂರಿಯಂ ಪಕ್ಕದಲ್ಲಿಟ್ಟು ನೋಡುವುದೇ ಸರಿ. ನಿಸರ್ಗದಲ್ಲಿ ಅವೆರಡಕ್ಕೂ ತಲಾ ಎಂಟು ಐಸೋಟೋಪುಗಳು ಸಿಗುತ್ತವೆ. ಈ ನ್ಯಾಯವಾದ ಹೋಲಿಕೆಯಲ್ಲೂ ಮೇಲುಗೈ ತವರದ್ದೇ.

ಇದು ತಡವಾಗಿ ತಿಳಿದ ಸಂಗತಿಯಲ್ಲ. ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಆಸ್ಟನ್ ತನ್ನ ಮಾಸ್ ಸ್ಪೆಕ್ಟ್ರೋಗ್ರಾಫಿನಿಂದ 1922ರಲ್ಲೇ ತವರದ ಹಲವು ಐಸೋಟೋಪುಗಳನ್ನು ಗುರುತಿಸಿದ್ದ. 1930ರ ದಶಕದಲ್ಲಿ ವಾಲ್ಟರ್ ಎಲ್ಸಾಸರ್, ಪ್ರೋಟಾನು ಅಥವಾ ನ್ಯೂಟ್ರಾನುಗಳ ಕೆಲವು ಸಂಖ್ಯೆಗಳಲ್ಲಿ ಕವಚ ತುಂಬಿ ನ್ಯೂಕ್ಲಿಯಸ್ಸು ವಿಶೇಷವಾಗಿ ಗಟ್ಟಿಯಾಗುತ್ತದೆ ಎಂದು ವಾದಿಸಿದ. ಆದರೆ ನೀಲ್ಸ್ ಬೋರ್ ಬೆಂಬಲಿಸಿದ ದ್ರವಹನಿಯ ಮಾದರಿ ವಿದಳನವನ್ನು ಚೆನ್ನಾಗಿ ವಿವರಿಸಿತು. ಆ ಯಶಸ್ಸಿನ ಮುಂದೆ ಕವಚಗಳ ಮಾತು ಮೂಲೆಗೆ ಸರಿಯಿತು. ನನ್ನ ದೃಷ್ಟಿಯಲ್ಲಿ ಆಗ ಕೊರತೆಯಿದ್ದದ್ದು ಅಂಕಿಅಂಶಗಳದ್ದಲ್ಲ, ಅವನ್ನು ಗಂಭೀರವಾಗಿ ತೆಗೆದುಕೊಳ್ಳುವ ಮನಸ್ಸಿನದು.

ಆ ಮನಸ್ಸು ಮಾಡಿದವಳು ಮರಿಯಾ ಗೆಪರ್ಟ್ ಮೇಯರ್. ಷಿಕಾಗೊದಲ್ಲಿ ಸಂಬಳವಿಲ್ಲದ ಪ್ರಾಧ್ಯಾಪಕಿಯಾಗಿದ್ದ ಆಕೆ ಧಾತುಗಳ ಹುಟ್ಟಿನ ಬಗ್ಗೆ ಎಡ್ವರ್ಡ್ ಟೆಲ್ಲರ್ ಜೊತೆ ಕೆಲಸ ಮಾಡುತ್ತ ಐಸೋಟೋಪುಗಳ ಪ್ರಮಾಣದ ಪಟ್ಟಿಗಳನ್ನು ಜಾಲಾಡಿದಳು. 1948ರ ಪ್ರಬಂಧದಲ್ಲಿ 20, 50, 82, 126 ಸಂಖ್ಯೆಗಳಿಗೆ ಸಾಕ್ಷ್ಯ ಒದಗಿಸಿದಳು. ಕಾರಣ ಮಾತ್ರ ಸಿಕ್ಕಿರಲಿಲ್ಲ. ಸರಳ ಲೆಕ್ಕದಲ್ಲಿ ಕವಚ 40ಕ್ಕೆ ತುಂಬುತ್ತಿತ್ತು, 50ಕ್ಕಲ್ಲ. ಸ್ಪಿನ್ನಿಗೂ ಕಕ್ಷೆಗೂ ನಂಟಿರಬಹುದೇ ಎಂದು ಭೌತವಿಜ್ಞಾನಿ ಫರ್ಮಿ ಕೇಳಿದ ಒಂದು ಪ್ರಶ್ನೆ ಬೀಗ ತೆರೆಯಿತು. ಆ ನಂಟು ಪ್ರಬಲವಾಗಿದ್ದರೆ ಮೇಲಿನ ಕವಚದ ಒಂದು ಮಟ್ಟ ತನ್ನ ಹತ್ತು ಸ್ಥಾನಗಳ ಸಮೇತ ಕೆಳಗಿಳಿಯುತ್ತದೆ, 40 ಇದ್ದದ್ದು 50 ಆಗುತ್ತದೆ. 1949ರಲ್ಲಿ ಜರ್ಮನಿಯ ಹ್ಯಾಕ್ಸೆಲ್, ಯೆನ್ಸೆನ್, ಸ್ಯೂಸ್ ಮೂವರೂ ಸ್ವತಂತ್ರವಾಗಿ ಇದೇ ಉತ್ತರಕ್ಕೆ ಬಂದಿದ್ದರು. ಮೇಯರ್ ಮತ್ತು ಯೆನ್ಸೆನ್ 1963ರ ನೊಬೆಲ್ ಹಂಚಿಕೊಂಡರು.

ಅಲ್ಲಿಂದ ಮುಂದೆ ತವರ ಸಿದ್ಧಾಂತಿಗಳ ಒರೆಗಲ್ಲಾಯಿತು. ಅದರ 50 ಪ್ರೋಟಾನುಗಳಿಂದ ಕವಚ ಭರ್ತಿಯಾಗಿರುವುದರಿಂದ ನ್ಯೂಟ್ರಾನುಗಳ ನಡವಳಿಕೆಯನ್ನಷ್ಟೇ ಬಿಡಿಯಾಗಿ ನೋಡಬಹುದು. ತವರ-104ರಿಂದ ತವರ-130ರವರೆಗಿನ ಸಮಸಂಖ್ಯೆಯ ಐಸೋಟೋಪುಗಳಲ್ಲಿ ಮೊದಲ ಉದ್ರಿಕ್ತ ಸ್ಥಿತಿಯ ಶಕ್ತಿ 1.2 ಎಂಇವಿ ಆಸುಪಾಸಿನಲ್ಲೇ ನಿಲ್ಲುತ್ತದೆ. ನ್ಯೂಟ್ರಾನುಗಳು ಜೋಡಿಗಟ್ಟುವುದೇ ಇದಕ್ಕೆ ಕಾರಣ. 82 ನ್ಯೂಟ್ರಾನುಗಳ ತವರ-132ರಲ್ಲಿ ಮಾತ್ರ ಅದು ಒಮ್ಮೆಲೇ 4 ಎಂಇವಿ ದಾಟುತ್ತದೆ.

ಇನ್ನೊಂದು ತುದಿಯ ತವರ-100ರಲ್ಲಿ ಪ್ರೋಟಾನು, ನ್ಯೂಟ್ರಾನು ಎರಡೂ ಐವತ್ತೈವತ್ತು. 1994ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಮತ್ತು ಫ್ರಾನ್ಸಿನ ಕಾನ್ ಪ್ರಯೋಗಾಲಯಗಳಲ್ಲಿ ಅದು ಬೆರಳೆಣಿಕೆಯಷ್ಟು ಸಿಕ್ಕಿತು. ಕಾನ್‌ನವರು ತವರ-112ನ್ನೇ ನಿಕಲ್ಲಿಗೆ ಬಡಿದು, ತವರದಿಂದಲೇ ತವರ ಪಡೆದದ್ದು ಸ್ವಾರಸ್ಯಕರ. ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕ 259 ನ್ಯೂಕ್ಲಿಯಸ್ಸುಗಳನ್ನು ಆಧರಿಸಿದ 2012ರ ವರದಿ, ಇದರ ಬೀಟಾ ಕ್ಷಯ ಅಸಾಧಾರಣವಾಗಿ ಸಲೀಸು ಎಂದಿತು. ಜಪಾನಿನ ರಿಕೆನ್ ಸಂಸ್ಥೆ 2019ರಲ್ಲಿ ಕೊಟ್ಟ ಕ್ಷಯಶಕ್ತಿ ಆ ವರದಿಯದ್ದಕ್ಕೆ ತಾಳೆಯಾಗಲಿಲ್ಲ. 2021ರಲ್ಲಿ ಸರ್ನ್‌ನವರು ತವರ-100ರ ಕ್ಷಯದಿಂದ ಹುಟ್ಟುವ ಇಂಡಿಯಂ-100ರ ದ್ರವ್ಯರಾಶಿ ಅಳೆದಾಗ ಈ ವ್ಯತ್ಯಾಸ ಇನ್ನಷ್ಟು ಎದ್ದು ಕಂಡಿತು.