ಬೆಲೆಯುಳ್ಳ ಆಟಗಾರ ಯಾರು? ಒಂದು ಪ್ರಶಸ್ತಿಯ ಇತಿಹಾಸ



ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಗಳಿಸಿದವನು ದೊಡ್ಡವನೋ, ತಂಡವನ್ನು ಗೆಲ್ಲಿಸಿದವನು ದೊಡ್ಡವನೋ? ಪಂದ್ಯ ಮುಗಿದು 'ಪಂದ್ಯ ಪುರುಷೋತ್ತಮ'ನ ಹೆಸರು ಪ್ರಕಟವಾದಾಗ ನೀವು ಗೆಳೆಯರೊಡನೆ ಈ ವಾದವನ್ನು ಮಾಡಿಯೇ ಇರುತ್ತೀರಿ. ಅಮೆರಿಕದಲ್ಲಿ ಇದೇ ವಾದ ಬೇಸ್‌ಬಾಲ್ ಆಟದ ಸುತ್ತ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದು ಬಂದಿದೆ. ಅಲ್ಲಿ ಪ್ರತಿ ವರ್ಷ ಪತ್ರಕರ್ತರು ಮತ ಹಾಕಿ 'ಅತ್ಯಂತ ಮೌಲ್ಯಯುತ ಆಟಗಾರ'ನನ್ನು ಆರಿಸುತ್ತಾರೆ. ಆ ಮತಗಳ ಕಥೆಯನ್ನು ಇತಿಹಾಸದ ವಿದ್ಯಾರ್ಥಿಯ ಕಣ್ಣಿನಿಂದ ನೋಡೋಣ.

ಮೊದಲು ಎರಡು ಮಾತು ತಿಳಿದಿರಲಿ. ಬೇಸ್‌ಬಾಲ್‌ನ ದೊಡ್ಡ ಸ್ಪರ್ಧೆಗಳು ನ್ಯಾಷನಲ್ ಲೀಗ್, ಅಮೆರಿಕನ್ ಲೀಗ್ ಎಂಬ ಎರಡು ಕೂಟಗಳಲ್ಲಿ ನಡೆಯುತ್ತವೆ. ಆಟಗಾರನ ಬ್ಯಾಟಿಂಗ್ ಸರಾಸರಿಯ ಲೆಕ್ಕವೂ ಕ್ರಿಕೆಟ್ಟಿನಂತಲ್ಲ. ಹೊಡೆಯಲು ದೊರೆತ ಅವಕಾಶಗಳಲ್ಲಿ ಎಷ್ಟು ಸಲ ಚೆಂಡನ್ನು ಹೊಡೆದು ಕ್ಷೇಮವಾಗಿ ನೆಲೆ ಮುಟ್ಟಿದ ಎಂಬುದೇ ಆ ಸರಾಸರಿ. ಹತ್ತು ಅವಕಾಶಗಳಲ್ಲಿ ಮೂರು ಸಲ ಯಶಸ್ವಿಯಾದರೆ 0.300. ಅಷ್ಟು ಸಾಧಿಸಿದವನನ್ನು ಒಳ್ಳೆಯ ಆಟಗಾರನೆನ್ನುತ್ತಾರೆ. ನಾಲ್ಕು ಸಲ, ಅಂದರೆ 0.400 ಮುಟ್ಟುವುದು ಬಹಳ ಅಪರೂಪ.

ಒಂದು ಮೋಟಾರು ಕಾರಿನ ಕಥೆ

1910ರಲ್ಲಿ ಹ್ಯೂ ಚಾಮರ್ಸ್ ಎಂಬ ಕಾರು ತಯಾರಕರು ಒಂದು ಬಹುಮಾನ ಸಾರಿದರು. ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಪಡೆದವನಿಗೆ ತಮ್ಮ ಕಂಪನಿಯ ಒಂದು ಕಾರು! ಅಳತೆ ಸ್ಪಷ್ಟವಾಗಿತ್ತು, ಆದ್ದರಿಂದ ಜಗಳಕ್ಕೆ ಎಡೆಯಿರಲಾರದು ಎಂದು ನಿಮಗೆ ತೋರಬಹುದು. ಆದರೆ ನಡೆದದ್ದೇ ಬೇರೆ. ಸ್ಪರ್ಧೆ ಡೆಟ್ರಾಯಿಟ್ ತಂಡದ ಟೈ ಕಾಬ್ ಮತ್ತು ಕ್ಲೀವ್‌ಲ್ಯಾಂಡ್ ತಂಡದ ನ್ಯಾಪ್ ಲಾಜುವೇ ನಡುವೆ ಉಳಿಯಿತು. ತಮ್ಮ ಸರಾಸರಿ ಕೆಡಬಾರದೆಂದು ಕಾಬ್ ಕೊನೆಯ ಪಂದ್ಯಗಳಲ್ಲಿ ಆಡಲೇ ಇಲ್ಲ. ಅಕ್ಟೋಬರ್ 9ರಂದು ಸೇಂಟ್ ಲೂಯಿಸ್‌ನಲ್ಲಿ ಲಾಜುವೇ ಒಂದೇ ದಿನದ ಎರಡು ಪಂದ್ಯಗಳಲ್ಲಿ ಎಂಟು ಯಶಸ್ವಿ ಹೊಡೆತ ಗಳಿಸಿದರು. ಅವುಗಳಲ್ಲಿ ಹೆಚ್ಚಿನವು ಚೆಂಡನ್ನು ಮೆಲ್ಲಗೆ ತಟ್ಟಿ ಓಡಿದವು. ಎದುರಾಳಿ ತಂಡದ ವ್ಯವಸ್ಥಾಪಕರು ತಮ್ಮ ಕ್ಷೇತ್ರರಕ್ಷಕನನ್ನು ಬೇಕೆಂದೇ ದೂರ ನಿಲ್ಲಿಸಿದ್ದರು! ಅವರು ಕೆಲಸ ಕಳೆದುಕೊಂಡರು. ಲೀಗ್‌ನ ಅಧ್ಯಕ್ಷರು ಕಾಬ್ ಅವರೇ ಮುಂದೆ ಎಂದು ತೀರ್ಪಿತ್ತರು. ಚಾಮರ್ಸ್ ಮಾತ್ರ ಇಬ್ಬರಿಗೂ ಒಂದೊಂದು ಕಾರು ಕೊಟ್ಟರು.

ಇಲ್ಲಿಂದ ಒಂದು ಪಾಠ ಹುಟ್ಟಿತು. ಒಂದೇ ಅಂಕಿಗೆ ಬಹುಮಾನ ಕಟ್ಟಿದರೆ ಆಟಗಾರ ಅಂಕಿಗಾಗಿ ಆಡುತ್ತಾನೆ, ತಂಡಕ್ಕಾಗಿ ಅಲ್ಲ. ಆದ್ದರಿಂದ 1911ರಲ್ಲಿ ಅಳತೆಯನ್ನೇ ಬದಲಿಸಲಾಯಿತು. ತನ್ನ ತಂಡಕ್ಕೆ ಹೆಚ್ಚು ಉಪಯುಕ್ತನಾದ ಆಟಗಾರ ಯಾರೆಂದು ಪತ್ರಕರ್ತರ ಸಮಿತಿಯೊಂದು ಆರಿಸಬೇಕೆಂದಾಯಿತು. ಅಂಕಿಯ ಜಾಗದಲ್ಲಿ ಮನುಷ್ಯರ ತೀರ್ಮಾನ ಬಂದು ಕುಳಿತದ್ದು ಹೀಗೆ. ಆ ಬಹುಮಾನ 1914ರವರೆಗೆ ನಡೆಯಿತು.

1922ರಲ್ಲಿ ಅಮೆರಿಕನ್ ಲೀಗ್ ತಾನೇ ಒಂದು ಪ್ರಶಸ್ತಿ ಆರಂಭಿಸಿತು. ಅದರಲ್ಲಿ ಒಂದು ವಿಚಿತ್ರ ನಿಯಮವಿತ್ತು. ಒಮ್ಮೆ ಪಡೆದವನಿಗೆ ಮತ್ತೊಮ್ಮೆ ಕೊಡುವಂತಿಲ್ಲ. ಬೇಬ್ ರೂತ್ 1923ರಲ್ಲಿ ಅದನ್ನು ಪಡೆದಿದ್ದರು. 1927ರಲ್ಲಿ 60 ಹೋಮ್‌ರನ್ ಹೊಡೆದು ದೇಶವನ್ನೇ ಬೆರಗುಗೊಳಿಸಿದಾಗ ಅವರು ಸ್ಪರ್ಧೆಯಲ್ಲೇ ಇರಲಿಲ್ಲ. ಪ್ರಶಸ್ತಿ ಅವರ ಜೊತೆಗಾರ ಲೂ ಗೆರಿಗ್‌ಗೆ ಹೋಯಿತು. ಪಟ್ಟಿಯಲ್ಲಿ ಯಾರ ಹೆಸರು ಇರಬಹುದು, ಯಾರದು ಇರಬಾರದು ಎಂಬುದು ಮತದಾನಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1931ರಿಂದ ಬೇಸ್‌ಬಾಲ್ ಬರಹಗಾರರ ಸಂಘವು ಈ ಆಯ್ಕೆಯ ಹೊಣೆ ಹೊತ್ತಿದೆ. 1938ರಿಂದ ಪ್ರತಿ ಮತದಾರ ಹತ್ತು ಹೆಸರು ಬರೆಯುತ್ತಾನೆ. ಮೊದಲ ಹೆಸರಿಗೆ 14 ಅಂಕ, ಎರಡನೆಯದಕ್ಕೆ 9, ಮೂರನೆಯದಕ್ಕೆ 8, ಹೀಗೆ ಇಳಿಯುತ್ತಾ ಹತ್ತನೆಯದಕ್ಕೆ 1 ಅಂಕ. ಆದರೆ 'ಮೌಲ್ಯಯುತ' ಎಂದರೇನು? ಅದಕ್ಕೆ ಖಚಿತವಾದ ವ್ಯಾಖ್ಯೆಯಿಲ್ಲವೆಂದು ಮತಪತ್ರದ ಸೂಚನೆಯೇ ಹೇಳುತ್ತದೆ. ಅದನ್ನು ಮತದಾರನ ವಿವೇಕಕ್ಕೆ ಬಿಟ್ಟಿದ್ದಾರೆ.

ಇಬ್ಬರು ಆಟಗಾರರು, ಮೂರು ವರ್ಷಗಳು

ಈ ವಾದದ ಅತಿ ಪ್ರಸಿದ್ಧ ಅಧ್ಯಾಯದಲ್ಲಿ ಇಬ್ಬರು ನಾಯಕರಿದ್ದಾರೆ: ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮ್ಯಾಜಿಯೊ ಮತ್ತು ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್.

1941ರ ಮೇ 15ರಿಂದ ಜುಲೈ 16ರವರೆಗೆ ಡಿಮ್ಯಾಜಿಯೊ ಸತತವಾಗಿ 56 ಪಂದ್ಯಗಳಲ್ಲಿ ಕನಿಷ್ಠ ಒಂದಾದರೂ ಯಶಸ್ವಿ ಹೊಡೆತ ಹೊಡೆದರು. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಅದೇ ವರ್ಷ ವಿಲಿಯಮ್ಸ್ 0.400ರ ಹತ್ತಿರ ಬಂದಿದ್ದರು. ಸೆಪ್ಟೆಂಬರ್ 28, ಕೊನೆಯ ದಿನ. ಅಂದು ಬೆಳಿಗ್ಗೆ ಅವರ ಸರಾಸರಿ 0.39955. ಆಡದೆ ಕುಳಿತಿದ್ದರೂ ದಾಖಲೆಯಲ್ಲಿ ಅದು 0.400 ಎಂದೇ ಸೇರುತ್ತಿತ್ತು. 1910ರ ಕಾಬ್ ಅವರನ್ನು ಇಲ್ಲಿ ನೆನೆಯಿರಿ. ವಿಲಿಯಮ್ಸ್ ಫಿಲಡೆಲ್ಫಿಯಾದಲ್ಲಿ ಅಂದು ಎರಡೂ ಪಂದ್ಯ ಆಡಿದರು. ಎಂಟು ಅವಕಾಶಗಳಲ್ಲಿ ಆರು ಸಲ ಯಶಸ್ವಿಯಾಗಿ 0.406ಕ್ಕೆ ಏರಿದರು. ಅಲ್ಲಿಂದೀಚೆಗೆ ಈ ಎರಡು ಲೀಗ್‌ಗಳಲ್ಲಿ ಯಾರೂ ಇಡೀ ಋತುವಿನಲ್ಲಿ 0.400 ಮುಟ್ಟಿಲ್ಲ. ಆದರೆ ಪ್ರಶಸ್ತಿ ಡಿಮ್ಯಾಜಿಯೊಗೆ ಹೋಯಿತು. ಅಂಕಗಳು 291 ಮತ್ತು 254. ಯಾಂಕೀಸ್ ತಂಡ ಬಾಸ್ಟನ್ನನ್ನು 17 ಪಂದ್ಯಗಳ ಅಂತರದಿಂದ ಹಿಂದಿಕ್ಕಿ ಲೀಗ್ ಗೆದ್ದಿತ್ತು.

1942ರಲ್ಲಿ ವಿಲಿಯಮ್ಸ್ ಬ್ಯಾಟಿಂಗ್ ಸರಾಸರಿ, ಹೋಮ್‌ರನ್, ತಂಡಕ್ಕೆ ದೊರಕಿಸಿದ ರನ್ ಈ ಮೂರರಲ್ಲೂ ಲೀಗ್‌ಗೆ ಮೊದಲಿಗರಾದರು. ಇದನ್ನು 'ತ್ರಿವಳಿ ಕಿರೀಟ' ಎನ್ನುತ್ತಾರೆ. ಆದರೂ ಪ್ರಶಸ್ತಿ ಬಂದದ್ದು ಯಾಂಕೀಸ್ ತಂಡದ ಜೋ ಗಾರ್ಡನ್‌ಗೆ, 270 ಅಂಕ. ವಿಲಿಯಮ್ಸ್‌ಗೆ 249. ಲೀಗ್ ಗೆದ್ದದ್ದು ಮತ್ತೆ ಯಾಂಕೀಸ್, ಎರಡನೆಯದು ಬಾಸ್ಟನ್.

ಯುದ್ಧ ಮುಗಿಯಿತು. 1946ರಲ್ಲಿ ಬಾಸ್ಟನ್ ಲೀಗ್ ಗೆದ್ದಿತು. ಆ ವರ್ಷ ಪ್ರಶಸ್ತಿ ವಿಲಿಯಮ್ಸ್‌ಗೆ ಬಂತು! 1947ರಲ್ಲಿ ಯಾಂಕೀಸ್ ಮತ್ತೆ ಮೇಲೆ ಬಂದಿತು. ಆಗ ಇಬ್ಬರ ಅಂಕಿಗಳು ಹೀಗಿದ್ದವು. ವಿಲಿಯಮ್ಸ್: ಸರಾಸರಿ 0.343, ಹೋಮ್‌ರನ್ 32, ದೊರಕಿಸಿದ ರನ್ 114, ಮತ್ತೊಮ್ಮೆ ತ್ರಿವಳಿ ಕಿರೀಟ. ಡಿಮ್ಯಾಜಿಯೊ: 0.315, 20, 97. ಫಲಿತಾಂಶ? ಡಿಮ್ಯಾಜಿಯೊ 202 ಅಂಕ, ವಿಲಿಯಮ್ಸ್ 201. ಒಂದೇ ಒಂದು ಅಂಕದ ಅಂತರ.

ಒಬ್ಬ ಪತ್ರಕರ್ತ ತನ್ನ ಹತ್ತು ಹೆಸರುಗಳಲ್ಲಿ ವಿಲಿಯಮ್ಸ್ ಹೆಸರನ್ನೇ ಬರೆದಿರಲಿಲ್ಲ. ಉಳಿದದ್ದೆಲ್ಲ ಹಾಗೆಯೇ ಇದ್ದು ಅವನು ಒಂಬತ್ತನೆಯ ಸ್ಥಾನ ಕೊಟ್ಟಿದ್ದರೂ 2 ಅಂಕ ಸೇರಿ ವಿಲಿಯಮ್ಸ್ ಗೆಲ್ಲುತ್ತಿದ್ದರು. ಬಾಸ್ಟನ್‌ನ ಪತ್ರಿಕೆಗಳೊಂದಿಗೆ ಅವರ ಸಂಬಂಧ ಸರಿಯಿರಲಿಲ್ಲ. ಹೆಸರು ಬಿಟ್ಟವನು ಬಾಸ್ಟನ್ನಿನವನೇ ಎಂದು ಅವರು ಮುಂದೆ ಆತ್ಮಕಥೆಯಲ್ಲಿ ಬರೆದರು. ಬಹುಕಾಲ ಎಲ್ಲರೂ ಅದನ್ನೇ ನಂಬಿದರು. ನಂತರದ ಸಂಶೋಧಕರು ಪರಿಶೀಲಿಸಿದಾಗ ಆ ಮಾತು ನಿಲ್ಲಲಿಲ್ಲ. ನೊಂದವರ ಆತ್ಮಕಥೆಯೂ ಒಂದು ಆಕರವೇ ಹೌದು, ಆದರೆ ಪರೀಕ್ಷಿಸಬೇಕಾದ ಆಕರ. 24 ಮಂದಿ ಮತದಾರರಲ್ಲಿ ಇನ್ನಾರೇ ಒಬ್ಬರು ಒಂದೆರಡು ಸ್ಥಾನ ಬದಲಿಸಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು ಎಂಬುದನ್ನೂ ಮರೆಯಬಾರದು.

ಎರಡು ಅರ್ಥಗಳು

ಈ ಮತದಾರರು ಪಕ್ಷಪಾತಿಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಅವರಲ್ಲಿ ಒಂದು ತರ್ಕವಿತ್ತು. ಗೆಲುವಿಗೆ ಕಾರಣನಾದವನಿಗೇ ಬೆಲೆ, ಸೋತ ತಂಡದಲ್ಲಿ ಎಷ್ಟು ಹೊಡೆದರೇನು ಎಂಬ ತರ್ಕ ಅದು. ಡಿಮ್ಯಾಜಿಯೊ ಮೈದಾನದ ನಡುಭಾಗವನ್ನು ಕಾಯುವುದರಲ್ಲೂ ನಿಪುಣರು. ಎದುರು ಪಕ್ಷದ ತರ್ಕವೂ ಬಲವಾದದ್ದೇ. ಜೊತೆಗಾರರು ದುರ್ಬಲರಾದರೆ ಅದು ಆಟಗಾರನ ತಪ್ಪೇ? ಇನ್ನೂ ಒಂದು ಸಂಗತಿಯುಂಟು. 1947ರಲ್ಲಿ ವಿಲಿಯಮ್ಸ್ 162 ಸಲ ಕೆಟ್ಟ ಎಸೆತಗಳನ್ನು ಬಿಟ್ಟು, ಔಟಾಗದೆ ಮೊದಲ ನೆಲೆಗೆ ನಡೆದುಹೋದರು. ಇದು ಬ್ಯಾಟಿಂಗ್ ಸರಾಸರಿಯ ಲೆಕ್ಕಕ್ಕೆ ಬರುವುದಿಲ್ಲ. ಇದನ್ನೂ ಸೇರಿಸಿ ಆಟಗಾರ ಎಷ್ಟು ಸಲ ನೆಲೆ ಮುಟ್ಟಿದನೆಂದು ಅಳೆಯುವ ಲೆಕ್ಕ ಅಧಿಕೃತವಾದದ್ದು 1984ರಲ್ಲಿ. ಒಂದು ಕಾಲ ಯಾವುದನ್ನು ಎಣಿಸುವುದಿಲ್ಲವೋ ಅದಕ್ಕೆ ಆ ಕಾಲ ಬೆಲೆ ಕೊಡುವುದೂ ಇಲ್ಲ.

ಇದೇ ವಾದ 2012ರಲ್ಲಿ ತಲೆಕೆಳಗಾಗಿ ಮರಳಿ ಬಂತು. ಡೆಟ್ರಾಯಿಟ್ ತಂಡದ ಮಿಗೆಲ್ ಕ್ಯಾಬ್ರೆರಾ 0.330 ಸರಾಸರಿ, 44 ಹೋಮ್‌ರನ್, 139 ರನ್‌ಗಳೊಂದಿಗೆ ತ್ರಿವಳಿ ಕಿರೀಟ ಧರಿಸಿದರು. 1967ರ ನಂತರ ಅದು ಯಾರಿಗೂ ದೊರೆತಿರಲಿಲ್ಲ. ಎದುರಿಗಿದ್ದವರು ಏಂಜಲ್ಸ್ ತಂಡದ ಮೈಕ್ ಟ್ರೌಟ್ ಎಂಬ ಹೊಸಬ ತರುಣ. 0.326 ಸರಾಸರಿ, 30 ಹೋಮ್‌ರನ್, ಓಡಿ ಕದ್ದ ನೆಲೆಗಳು 49, ಜೊತೆಗೆ ಅದ್ಭುತ ಕ್ಷೇತ್ರರಕ್ಷಣೆ. ಹೊಡೆತ, ಓಟ, ಕ್ಷೇತ್ರರಕ್ಷಣೆಗಳನ್ನೆಲ್ಲ ಕೂಡಿ, ಸಾಧಾರಣ ಬದಲಿ ಆಟಗಾರನಿಗಿಂತ ಇವನು ಎಷ್ಟು ಹೆಚ್ಚು ಗೆಲುವು ತಂದನೆಂದು ಅಂದಾಜಿಸುವ ಹೊಸ ಲೆಕ್ಕದಲ್ಲಿ ಟ್ರೌಟ್ ಬಹಳ ಮುಂದಿದ್ದರು. ಪತ್ರಕರ್ತರು ಕ್ಯಾಬ್ರೆರಾಗೆ 362, ಟ್ರೌಟ್‌ಗೆ 281 ಅಂಕ ಕೊಟ್ಟರು. ಡೆಟ್ರಾಯಿಟ್ ತನ್ನ ವಿಭಾಗ ಗೆದ್ದಿದೆ, ಏಂಜಲ್ಸ್ ಗೆದ್ದಿಲ್ಲ ಎಂದು ಹಲವರು ವಾದಿಸಿದರು. ಆದರೆ ಡೆಟ್ರಾಯಿಟ್ ಗೆದ್ದದ್ದು 88 ಪಂದ್ಯ, ಏಂಜಲ್ಸ್ 89! 1947ರಲ್ಲಿ ಮತದಾರರನ್ನು ಒಲಿಸದ ತ್ರಿವಳಿ ಕಿರೀಟ 2012ರಲ್ಲಿ ಒಲಿಸಿತು.

ಮತಪತ್ರದಲ್ಲಿ ಇಲ್ಲದ ಹೆಸರುಗಳು

ಈಗ ಬೇಬ್ ರೂತ್ ಪ್ರಸಂಗದಲ್ಲಿ ಹೇಳಿದ ಮಾತಿಗೆ ಮರಳೋಣ. 1941, 1942ರ ಮತಪತ್ರಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಜನಾಂಗದ ಆಟಗಾರನ ಹೆಸರಿಲ್ಲ. ಇರಲು ಸಾಧ್ಯವೂ ಇರಲಿಲ್ಲ. 19ನೆಯ ಶತಮಾನದ ಕೊನೆಯಿಂದ ಈ ಲೀಗ್‌ಗಳ ಬಾಗಿಲು ಅವರಿಗೆ ಮುಚ್ಚಿತ್ತು. ಅವರು ತಮ್ಮದೇ ಲೀಗ್‌ಗಳನ್ನು ಕಟ್ಟಿಕೊಂಡು ಆಡಿದರು. ಅಲ್ಲಿಯ ಜಾಶ್ ಗಿಬ್ಸನ್ ಮಹಾ ಹೊಡೆತಗಾರ, ಸ್ಯಾಚೆಲ್ ಪೇಜ್ ಅಸಾಧಾರಣ ಎಸೆತಗಾರ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರವಾಗಿ ನ್ಯಾಷನಲ್ ಲೀಗ್‌ನಲ್ಲಿ ಕಣಕ್ಕಿಳಿದಾಗ ಆ ಗೋಡೆ ಒಡೆಯಿತು. ಗಿಬ್ಸನ್ ಅದನ್ನು ನೋಡಲಿಲ್ಲ. ಅವರು ಅದೇ ಜನವರಿಯಲ್ಲಿ 35ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಬಾಗಿಲು ತೆರೆದ ಮೇಲೆ ಏನಾಯಿತು? 1949ರಲ್ಲಿ ರಾಬಿನ್‌ಸನ್ ನ್ಯಾಷನಲ್ ಲೀಗ್‌ನ ಮೌಲ್ಯಯುತ ಆಟಗಾರರಾದರು. 1949ರಿಂದ 1959ರವರೆಗಿನ ಹನ್ನೊಂದು ವರ್ಷಗಳಲ್ಲಿ ಆ ಲೀಗ್‌ನ ಪ್ರಶಸ್ತಿ ಒಂಬತ್ತು ಸಲ ಕಪ್ಪು ಆಟಗಾರರಿಗೇ ಸಂದಿತು. ಹಾಗಾದರೆ ಅದಕ್ಕೆ ಹಿಂದಿನ ವರ್ಷಗಳ ಪಟ್ಟಿಯನ್ನು ನಾವು ಹೇಗೆ ಓದಬೇಕು? ಅಮೆರಿಕನ್ ಲೀಗ್‌ನಲ್ಲಂತೂ ಮೊದಲ ಕಪ್ಪು ವಿಜೇತ ಎಲ್‌ಸ್ಟನ್ ಹೋವರ್ಡ್ ಬಂದದ್ದು 1963ರಲ್ಲಿ.

ಒಂದು ಅಂಕದಿಂದ ಸೋತ ಟೆಡ್ ವಿಲಿಯಮ್ಸ್ 1966ರಲ್ಲಿ ಬೇಸ್‌ಬಾಲ್‌ನ ಅತಿ ದೊಡ್ಡ ಗೌರವವಾದ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ ಸೇರಿದರು. ಅಂದಿನ ಭಾಷಣದಲ್ಲಿ ಅವರು ತಮ್ಮ ಕೈತಪ್ಪಿದ ಪ್ರಶಸ್ತಿಗಳ ಮಾತೆತ್ತಲಿಲ್ಲ. ಅವಕಾಶವೇ ಸಿಗದ ಕಪ್ಪು ಆಟಗಾರರ ಪ್ರತಿನಿಧಿಗಳಾಗಿ ಪೇಜ್ ಮತ್ತು ಗಿಬ್ಸನ್ ಮುಂದೊಂದು ದಿನ ಅಲ್ಲಿಗೆ ಸೇರಲೆಂದು ಹಾರೈಸಿದರು. 1971ರಲ್ಲಿ ಪೇಜ್, 1972ರಲ್ಲಿ ಗಿಬ್ಸನ್ ಸೇರ್ಪಡೆಯಾದರು. ಪ್ರಶಸ್ತಿಯ ಫಲಕದ ಮೇಲೆ 1944ರಿಂದ ಕೆನಿಸಾ ಮೌಂಟನ್ ಲ್ಯಾಂಡಿಸ್ ಎಂಬ ಹಿಂದಿನ ಆಯುಕ್ತರ ಹೆಸರಿತ್ತು. ಅವರ ಆಡಳಿತದ ಕಾಲದಲ್ಲಿ ಒಬ್ಬ ಕಪ್ಪು ಆಟಗಾರನಿಗೂ ಪ್ರವೇಶ ಸಿಕ್ಕಿರಲಿಲ್ಲ. 2020ರಲ್ಲಿ ಬರಹಗಾರರ ಸಂಘ ಮತ ಹಾಕಿ ಆ ಹೆಸರನ್ನು ತೆಗೆಯಿತು. 2024ರಲ್ಲಿ ಕಪ್ಪು ಲೀಗ್‌ಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಲಾಯಿತು. ಅದರಂತೆ ಒಂದು ಋತುವಿನ ಅತಿ ಹೆಚ್ಚಿನ ಸರಾಸರಿ ಈಗ ಗಿಬ್ಸನ್ 1943ರಲ್ಲಿ ಗಳಿಸಿದ 0.466.

ತರಗತಿಯಲ್ಲಿ ನಡೆಸಬಹುದಾದ ಒಂದು ಚರ್ಚೆಯನ್ನು ಸೂಚಿಸಿ ಮುಗಿಸುತ್ತೇನೆ. 1947ರ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆಯಿರಿ. ತರಗತಿಯನ್ನು ಎರಡು ಪಾಳಿ ಮಾಡಿ, ಒಂದು ಡಿಮ್ಯಾಜಿಯೊ ಪರ, ಇನ್ನೊಂದು ವಿಲಿಯಮ್ಸ್ ಪರ ವಾದಿಸಲಿ. ಪ್ರತಿ ಪಾಳಿಯೂ ವಾದಕ್ಕೆ ಮೊದಲು 'ಬೆಲೆ' ಎಂದರೆ ತಾನು ಏನೆಂದು ತಿಳಿದಿದ್ದೇನೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಲಿ. ಕೊನೆಗೆ ಇಡೀ ತರಗತಿ ಕೂಡಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲಿ: 1942ರ ಆ ಮತಪತ್ರದಲ್ಲಿ ಇರಬೇಕಾಗಿದ್ದು ಇಲ್ಲದೆ ಹೋದವರು ಯಾರು?